ಇಪ್ಪತ್ತೆರಡು ಬೆಸುಗೆ, ಒಂದು ಸೋರಿಕೆ

ನವೆಂಬರ್ 3, ಸೋಮವಾರ

ಕಂಪನಿಯವರು ವರ್ಷಕ್ಕೊಂದು ದಿನಚರಿ ಕೊಡುತ್ತಾರೆ. ನನ್ನ ಹೆಂಡತಿ ಅದನ್ನು ಪ್ರತಿ ವರ್ಷವೂ ಕಪಾಟಿನ ಅಲ್ಲಾಡುವ ಕಾಲಿಗೆ ಒತ್ತು ಕೊಡುತ್ತಾಳೆ. ಈ ಸಲದ್ದನ್ನು ಇವತ್ತು ಕಾಲಿನಡಿಯಿಂದ ಎಳೆದು ತೆಗೆದೆ. ಕಾರಣ ಇದೆ. ಹೊಸ ಮ್ಯಾನೇಜರ್ ಬಂದ ಮೇಲೆ ಎಲ್ಲದಕ್ಕೂ ವರದಿ, ಎಲ್ಲದಕ್ಕೂ ಸಹಿ. ಜೊತೆಗೆ ಕೆಲಸ ಮಾಡುವವನು ನನ್ನ ಸ್ವಂತ ಭಾಮೈದ, ಇವಳ ತಮ್ಮ. ನಾಳೆ ಏನಾದರೂ ಹೆಚ್ಚುಕಮ್ಮಿಯಾದರೆ ನಾನು ನ್ಯಾಯವಾಗಿಯೇ ನಡೆದುಕೊಂಡೆ ಎನ್ನಲು ಒಂದು ಬರಹ ಇರಲಿ. ಇಪ್ಪತ್ತೆಂಟು ವರ್ಷದ ಸರ್ವಿಸ್‌ನಲ್ಲಿ ನಾನು ಯಾರಿಗೂ ಪಕ್ಷಪಾತ ಮಾಡಿದವನಲ್ಲ.

ಈಗಿನ ಕೆಲಸ ಒಂದು ಫಿಸಿಯೋಥೆರಪಿ ಕೇಂದ್ರದಲ್ಲಿ. ನೆಲಮಾಳಿಗೆಯಲ್ಲಿ ಒಂದು ಸಣ್ಣ ಕೊಳ. ಸೊಂಟ, ಮೊಣಕಾಲು ಹಿಡಿದುಕೊಂಡವರು ಅದರಲ್ಲಿ ಎದೆಮಟ್ಟ ನಿಂತು ಕೈಕಾಲು ಆಡಿಸುತ್ತಾರೆ. ಆಡಿಸುತ್ತಿದ್ದರು ಎನ್ನಬೇಕು. ಹಳೆ ಬಾಯ್ಲರ್ ಕೆಟ್ಟು ಕೊಳದ ನೀರು ತಣ್ಣಗೆ ಕೊರೆಯುತ್ತಿದೆ. ಅದಕ್ಕೇ ಹೊರಗಿನ ಗಾಳಿಯ ಶಾಖ ಹೀರಿ ನೀರಿಗೆ ಕೊಡುವ ಹೀಟ್ ಪಂಪ್. ತಾರಸಿಯ ಮೇಲೆ ಹೊರಗಿನ ಯಂತ್ರ, ಕೊಳದ ಪಕ್ಕದಲ್ಲಿ ಒಳಗಿನ ಯಂತ್ರ, ನಡುವೆ ಮೂರು ಮಹಡಿ ಇಳಿಯುವ ತಾಮ್ರದ ಪೈಪು. ಆ ಪೈಪಿನಲ್ಲಿ ಇಪ್ಪತ್ತೆರಡು ಬೆಸುಗೆ. ಒಳಗೆ ಓಡಾಡುವ ಗ್ಯಾಸು ಎಳ್ಳಷ್ಟು ಸೋರಿದರೂ ವರ್ಷದೊಳಗೆ ಯಂತ್ರ ಬರೀ ಪೆಟ್ಟಿಗೆಯಾಗುತ್ತದೆ.

ಬೆಸುಗೆ ಭಾಮೈದನ ವಿಭಾಗ, ಪರೀಕ್ಷೆ ನನ್ನದು. ಹದಿನೆಂಟು ವರ್ಷದ ಹಿಂದೆ ಅವನ ಕೈಗೆ ಬರ್ನರ್ ಕೊಟ್ಟು ಕಲಿಸಿದವನೂ ನಾನೇ. ಆದರೆ ಹೋದ ವರ್ಷ ತಿಂಗಳುಗಟ್ಟಲೆ ಜ್ವರ ಬಂದು ಎದ್ದ ಮೇಲೆ ಅವನ ಎಡಗೈ ನಡುಗುತ್ತದೆ. ಟೀ ಲೋಟ ಹಿಡಿದಾಗ ನೋಡಿದ್ದೇನೆ. ನೋಡಿಯೂ ಇದುವರೆಗೆ ಹೊಟ್ಟೆಗೆ ಹಾಕಿಕೊಂಡಿದ್ದೇನೆ.

ಮಧ್ಯಾಹ್ನದ ಹೊತ್ತಿಗೆ ಇಪ್ಪತ್ತೆರಡು ಬೆಸುಗೆಯೂ ಮುಗಿದವು. ನಾಲ್ಕು ಗಂಟೆಗೆ ಪೈಪಿನೊಳಗೆ ನೈಟ್ರೋಜನ್ ತುಂಬಿ ಒತ್ತಡ ತೋರಿಸುವ ಗೇಜಿನ ಮುಳ್ಳನ್ನು ಐನೂರಕ್ಕೆ ನಿಲ್ಲಿಸಿದೆ. ನಾಳೆಯೂ ಅಲ್ಲೇ ಇದ್ದರೆ ಬೆಸುಗೆ ಗಟ್ಟಿ. ಇಳಿದರೆ ಸೋರಿಕೆ. ಇದರಲ್ಲಿ ವಾದಕ್ಕೆ ಜಾಗವೇ ಇಲ್ಲ, ಅದಕ್ಕೇ ನನಗೆ ಈ ಕೆಲಸ ಇಷ್ಟ.

ನವೆಂಬರ್ 4, ಮಂಗಳವಾರ

ಬೆಳಿಗ್ಗೆ ಮುಳ್ಳು ನಾನೂರ ಎಂಬತ್ತೆಂಟು. ಚಳಿಗೆ ಒತ್ತಡ ಸ್ವಲ್ಪ ಇಳಿಯುವುದು ಸಹಜ ಎಂದು ಉದಾರವಾಗಿ ಬಿಟ್ಟೆ. ಮಧ್ಯಾಹ್ನ ಬಿಸಿಲೇರಿದ ಮೇಲೆ ಮುಳ್ಳು ಮೇಲೆ ಬರಬೇಕಿತ್ತು. ಬದಲು ನಾನೂರ ಎಂಬತ್ತೊಂದಕ್ಕೆ ಇಳಿಯಿತು.

ಸೋಪಿನ ನೀರು ಹಚ್ಚಿ ಒಂದೊಂದೇ ಬೆಸುಗೆ ನೋಡಿದೆವು. ಸೋರುವ ಕಡೆ ಗುಳ್ಳೆ ಏಳಬೇಕು. ಎಲ್ಲೂ ಏಳಲಿಲ್ಲ. ಗುಳ್ಳೆ ಏಳದಷ್ಟು ಸೂಕ್ಷ್ಮವಾದ ಸೋರಿಕೆ ಎಂದರೆ ಅದು ಇನ್ನೂ ಕೆಟ್ಟದ್ದು ಎಂದು ಭಾಮೈದನಿಗೆ ವಿವರಿಸಿದೆ. ಅವನು ನನ್ನ ಗೇಜನ್ನು ಪೈಪಿಗೆ ಸೇರಿಸುವ ಹೋಸಿನ ಕಡೆ ಕೈ ಚಾಚಿದ. ಕೈ ಹಿಂದಕ್ಕೆ ತೆಗೆಯಲು ಹೇಳಿದೆ. ನನ್ನ ಗೇಜನ್ನು ಯಾರೂ ಮುಟ್ಟಕೂಡದು, ಅದು ಎಲ್ಲರಿಗೂ ಗೊತ್ತು. ದಿನಾ ಸಂಜೆ ಮೆತ್ತನೆ ಬಟ್ಟೆಯಲ್ಲಿ ಒರೆಸಿ ಪೆಟ್ಟಿಗೆಯಲ್ಲಿ ಮಲಗಿಸುತ್ತೇನೆ. ಮಕ್ಕಳನ್ನೂ ಇಷ್ಟು ಮುತುವರ್ಜಿಯಿಂದ ಮಲಗಿಸಲಿಲ್ಲ ಎಂದು ಇವಳು ಹಂಗಿಸುತ್ತಾಳೆ.

ನವೆಂಬರ್ 6, ಗುರುವಾರ

ಅನುಮಾನದ ಮೂರು ಬೆಸುಗೆಗಳನ್ನು ಆರಿಸಿ ಕತ್ತರಿಸಲು ಹೇಳಿದೆ. ಇವುಗಳ ಮೇಲೇ ಯಾಕೆ ಅನುಮಾನ ಎಂದು ಭಾಮೈದ ಕೇಳಿದ. ಅನುಭವ ಇರುವವರಿಗೆ ನೋಡಿದರೇ ತಿಳಿಯುತ್ತದೆ ಎಂದೆ. ಕತ್ತರಿಸಿದ ತುಂಡುಗಳು ಹಳೆ ಬಕೆಟ್ಟಿಗೆ ಬಿದ್ದವು. ಈ ಕೆಲಸದ ತಮಾಷೆ ಏನೆಂದರೆ, ಒಂದು ಬೆಸುಗೆ ಕತ್ತರಿಸಿದರೆ ಆ ಜಾಗಕ್ಕೆ ತುಂಡು ಪೈಪು ಕೂರಿಸಿ ಎರಡು ಬೆಸುಗೆ ಹಾಕಬೇಕು. ಹೀಗಾಗಿ ಇಪ್ಪತ್ತೆರಡು ಇದ್ದದ್ದು ಇಪ್ಪತ್ತೈದಾಯಿತು. ಸೋರಿಕೆ ಹುಡುಕುತ್ತಾ ಸೋರುವ ಜಾಗಗಳನ್ನೇ ಹೆಚ್ಚಿಸುತ್ತಿದ್ದೇವೆ. ಬೇರೆ ದಾರಿ ಇಲ್ಲ.

ಮ್ಯಾನೇಜರ್ ಬಂದಿದ್ದರು. ನಾವು ಅವರಿಗೆ ಇಟ್ಟ ಹೆಸರು ‘ಇವತ್ತೇ ಸಾಹೇಬರು’. ಯಾವ ಕೆಲಸ ಹೇಳಿದರೂ ಕೊನೆಗೆ ‘ಇವತ್ತೇ’ ಎನ್ನುತ್ತಾರೆ. ಸೋರಿಕೆ ಇವತ್ತೇ ಸಿಗಬೇಕು ಎಂದರು. ಕೇಂದ್ರದ ಡಾಕ್ಟರಮ್ಮನೂ ಬಂದು ರೋಗಿಗಳ ಪಟ್ಟಿ ತೋರಿಸಿದರು. ಮಾತಾಡುತ್ತಾ ನನ್ನನ್ನೇ ನೋಡಿ, ನಿಮ್ಮ ಕುತ್ತಿಗೆ ಬಲಕ್ಕೆ ತಿರುಗುವಷ್ಟು ಎಡಕ್ಕೆ ತಿರುಗುವುದಿಲ್ಲ, ನೀರು ಬಿಸಿಯಾದ ಮೇಲೆ ನೀವೂ ಬನ್ನಿ ಎಂದರು. ಯಾರೂ ಕೇಳದೆಯೇ ದೋಷ ಹುಡುಕುವವರು ಕೆಲವರಿರುತ್ತಾರೆ.

ನವೆಂಬರ್ 8, ಶನಿವಾರ

ಮತ್ತೆ ಇಳಿಯಿತು. ಇನ್ನೆರಡು ಕತ್ತರಿಸಿದ. ಭಾಮೈದ ಊಟಕ್ಕೆ ಕೂರಲಿಲ್ಲ.

ನವೆಂಬರ್ 10, ಸೋಮವಾರ

ಒತ್ತಡದ ಪರೀಕ್ಷೆ ಗೆಲ್ಲದೆ ಮುಂದಕ್ಕೆ ಹೋಗಬಾರದು. ಆದರೂ ಇವತ್ತೇ ಸಾಹೇಬರ ಒತ್ತಾಯಕ್ಕೆ ಅದೇ ಹೋಸಿನ ಮೂಲಕ ವ್ಯಾಕ್ಯೂಮ್ ಪಂಪ್ ಹಚ್ಚಿದೆ. ಈ ಪಂಪು ಪೈಪಿನೊಳಗಿನ ಗಾಳಿ, ತೇವ ಎಲ್ಲವನ್ನೂ ಹೀರಿ ಹೊರಗೆ ಹಾಕುತ್ತದೆ. ಇದರ ಮೀಟರಿನ ಅಳತೆಯೇ ಬೇರೆ, ಅಂಕಿ ಐನೂರರ ಕೆಳಗೆ ಬಂದಾಗ ವಾಲ್ವ್ ಮುಚ್ಚಿ ಕಾಯಬೇಕು. ಅಂಕಿ ಸ್ವಲ್ಪ ಏರಿ ನಿಂತರೆ ಒಳಗೆ ತೇವ ಉಳಿದಿದೆ ಎಂದರ್ಥ. ಏರುತ್ತಲೇ ಇದ್ದರೆ ಎಲ್ಲೋ ತೂತಿದೆ. ನಾನೂರ ಎಂಬತ್ತಕ್ಕೆ ಬಂದಾಗ ಮುಚ್ಚಿದೆ. ಹತ್ತು ನಿಮಿಷದಲ್ಲಿ ಎರಡು ಸಾವಿರ ದಾಟಿತು. ಒಂದೇ ಮಾತನ್ನು ಎರಡು ಪರೀಕ್ಷೆ ಹೇಳಿದ ಮೇಲೆ ಮುಗಿಯಿತು.

ವರದಿ ಬರೆದೆ. ‘ಬೆಸುಗೆಯಲ್ಲಿ ದೋಷ. ಬೆಸುಗೆಗಾರನ ಕೈ ಸ್ಥಿರವಾಗಿಲ್ಲ. ವಿಶ್ರಾಂತಿ ಅಗತ್ಯ.’ ವಿಶ್ರಾಂತಿಯ ಮಾತನ್ನು ಸೇರಿಸಲೇಬೇಕೆಂದೇನೂ ಇರಲಿಲ್ಲ. ಸಂಬಂಧಿ ಎಂದು ನಾನೇ ಸೇರಿಸಿದೆ. ಬೇರೆಯವರಾಗಿದ್ದರೆ ಎರಡೇ ವಾಕ್ಯ ಬರೆದು ಕೈ ತೊಳೆದುಕೊಳ್ಳುತ್ತಿದ್ದರು.

ನವೆಂಬರ್ 12, ಬುಧವಾರ

ಭಾಮೈದನನ್ನು ಸ್ಟೋರಿಗೆ ಹಾಕಿದರು. ಸಾಮಾನು ಎಣಿಸಿ ಕೊಡುವ ಕೆಲಸ, ಕೂತು ಮಾಡುವಂಥದ್ದು. ಹೊರಗಿನಿಂದ ದಿನಗೂಲಿಗೆ ಒಬ್ಬ ಬೆಸುಗೆಗಾರ ಬಂದಿದ್ದಾನೆ. ಅವನ ಕೆಲಸ ಹಿಡಿಸಿದರೆ ಅವನನ್ನೇ ಕಾಯಂ ಮಾಡುತ್ತಾರೆ, ಆಮೇಲೆ ಭಾಮೈದನಿಗೆ ಬರ್ನರ್ ಮುಟ್ಟುವ ಪ್ರಸಂಗವೇ ಬರುವುದಿಲ್ಲ ಎಂದು ಆಫೀಸಿನಲ್ಲಿ ಮಾತು.

ಬರ್ನರ್ ವಾಪಸು ಕೊಡುವಾಗ ಅದರ ಮೂತಿಯನ್ನು ಸೂಜಿಯಿಂದ ಕೆದಕಿ, ಒರೆಸಿ ಕೊಟ್ಟ. ನನ್ನ ಮುಖ ನೋಡಲಿಲ್ಲ. ನಾನು ಅವನ ಒಳ್ಳೆಯದಕ್ಕೇ ಮಾಡಿದ್ದು. ಸ್ವಲ್ಪ ದಿನ ಹೋದರೆ ಅವನಿಗೇ ಅರ್ಥವಾಗುತ್ತದೆ.

ಮನೆಯಲ್ಲಿ ಇವಳು ಜಗಳ ತೆಗೆಯುತ್ತಾಳೆಂದು ಉತ್ತರ ಸಿದ್ಧ ಮಾಡಿಕೊಂಡೇ ಬಂದಿದ್ದೆ. ಊಟ ಬಡಿಸಿ, ‘ತಮ್ಮ ಫೋನ್ ಮಾಡಿದ್ದ’ ಎಂದಳು. ಏನಂದ ಎಂದೆ. ‘ಅಕ್ಕಾ, ಹೇಗಿದೀಯ ಅಂದ’ ಎಂದಳು, ಅಷ್ಟೇ. ಸಿದ್ಧ ಮಾಡಿಕೊಂಡು ಬಂದ ಉತ್ತರಗಳೆಲ್ಲ ದಂಡವಾದವು.

ನವೆಂಬರ್ 14, ಶುಕ್ರವಾರ

ಹೊಸ ಬೆಸುಗೆಗಾರನ ಕೈ ಕಲ್ಲಿನ ಹಾಗೆ ನಿಲ್ಲುತ್ತದೆ. ಬಾಯಿ ಮಾತ್ರ ನಿಲ್ಲುವುದಿಲ್ಲ. ನಿನ್ನೆ ಒಂದು, ಇವತ್ತು ಬೆಳಿಗ್ಗೆ ಇನ್ನೊಂದು ಹಳೆ ಬೆಸುಗೆ ಕತ್ತರಿಸಿ ಹೊಸದು ಹಾಕಿದ. ಒಟ್ಟು ಏಳು ತುಂಡು ಬಕೆಟ್ಟಿಗೆ ಬಿದ್ದಂತಾಯಿತು. ಮುಳ್ಳು ಇಳಿಯುತ್ತಲೇ ಇತ್ತು. ಆಗ ಅವನು, ‘ಯಜಮಾನ್ರೇ, ಒಂದು ಸಲ ನಿಮ್ಮ ಗೇಜನ್ನೂ ನೋಡಿಬಿಡಿ’ ಎಂದ, ಎಲ್ಲರೆದುರಿಗೆ.

ಇವನ ಬಾಯಿ ಮುಚ್ಚಿಸಬೇಕು ಎನ್ನಿಸಿತು. ಅವನು ಊಟಕ್ಕೆ ಹೋದಾಗ ಹೋಸನ್ನು ಪೈಪಿನಿಂದ ಬಿಚ್ಚಿ, ತುದಿಗೆ ಒಂದು ಹಿತ್ತಾಳೆಯ ಬಿರಡೆ ಬಿಗಿದು, ಬರೀ ಗೇಜಿಗೆ ಐನೂರು ಒತ್ತಡ ಕೊಟ್ಟು ಸೋಪಿನ ನೀರು ಹಚ್ಚಿದೆ. ಒಂದೂ ಗುಳ್ಳೆ ಇಲ್ಲದ ಫೋಟೋ ತೆಗೆದು ಅವನಿಗೆ ತೋರಿಸುವುದು ನನ್ನ ಯೋಚನೆ. ಫೋನ್ ಹಿಡಿದುಕೊಂಡು ನಿಂತಿದ್ದೆ.

ಎರಡು ನಿಮಿಷ ಏನೂ ಇಲ್ಲ. ಆಮೇಲೆ ಹೋಸಿನ ತುದಿಯಲ್ಲಿ, ಬಿಗಿಯುವ ತಿರುಪಿನ ಅಂಚಿನಲ್ಲಿ, ಹಾಲು ಉಕ್ಕುವ ಮೊದಲು ಬರುತ್ತದಲ್ಲ, ಅಂಥ ಸಣ್ಣ ಬಿಳಿ ನೊರೆ. ಒರೆಸಿದೆ. ಮತ್ತೆ ಬಂತು.

ತಿರುಪು ಬಿಚ್ಚಿ ನೋಡಿದೆ. ಒಳಗಿನ ರಬ್ಬರ್ ವಾಷರ್ ಒಂದು ಪಕ್ಕ ಚಪ್ಪಟೆಯಾಗಿ ಸೀಳಿತ್ತು. ಕಿರುಬೆರಳಿನ ಉಗುರಿಗಿಂತ ಚಿಕ್ಕದು. ಕೆಲಸ ಶುರು ಮಾಡುವ ಮೊದಲು ಗೇಜನ್ನೇ ಒಂದು ಸಲ ಪರೀಕ್ಷಿಸಬೇಕು ಎಂದು ಪುಸ್ತಕದಲ್ಲಿದೆ. ಅದು ಹೊಸಬರಿಗೆ ಎಂದುಕೊಂಡಿದ್ದೆ.

ಪೆಟ್ಟಿಗೆಯಲ್ಲಿ ಬೇರೆ ವಾಷರ್ ಇತ್ತು. ಹಾಕಿದೆ. ಹೋಸನ್ನು ಪೈಪಿಗೆ ಸೇರಿಸಿ ಐನೂರಕ್ಕೆ ತಂದೆ. ಅಷ್ಟರಲ್ಲಿ ಅವನು ಊಟ ಮುಗಿಸಿ ಬಂದು, ಏನಾಯ್ತು ಎಂದ. ಏನಿಲ್ಲ ಎಂದೆ.

ನವೆಂಬರ್ 15, ಶನಿವಾರ

ಮುಳ್ಳು ಐನೂರರಲ್ಲೇ ನಿಂತಿದೆ.

ನವೆಂಬರ್ 16, ಭಾನುವಾರ

ಬರೆಯುವಂಥದ್ದೇನೂ ಇಲ್ಲ. ಸೀಳಿದ ವಾಷರ್ ಅಂಗಿ ಜೇಬಿನಲ್ಲೇ ಉಳಿದಿತ್ತು. ಬಟ್ಟೆ ನೆನೆಸುವ ಮೊದಲು ಇವಳು ಜೇಬು ತಡಕಿ, ಇದು ಬೇಕಾ ಎಂದು ಕೇಳಿದಳು. ಬೇಡ ಎಂದೆ. ಆಮೇಲೆ ಬೇಕು ಎಂದು ಇಸಿದುಕೊಂಡೆ.

ನವೆಂಬರ್ 17, ಸೋಮವಾರ

ವ್ಯಾಕ್ಯೂಮ್ ಮುನ್ನೂರ ಇಪ್ಪತ್ತಕ್ಕೆ ಇಳಿಯಿತು. ವಾಲ್ವ್ ಮುಚ್ಚಿ ಅರ್ಧ ಗಂಟೆ ಕಾದೆ. ಮುನ್ನೂರ ಐವತ್ತಕ್ಕೆ ಬಂದು ನಿಂತಿತು. ಗ್ಯಾಸು ಬಿಟ್ಟೆ, ಯಂತ್ರ ಹೊರಟಿತು, ಸಂಜೆಗೆ ಕೊಳದಿಂದ ಸಣ್ಣಗೆ ಹಬೆ ಏಳುತ್ತಿತ್ತು. ಡಾಕ್ಟರಮ್ಮ ನೀರಿಗೆ ಕೈ ಅದ್ದಿ ನಕ್ಕರು.

ಇವತ್ತೇ ಸಾಹೇಬರು ಹೊಸ ಬೆಸುಗೆಗಾರನ ಬೆನ್ನು ತಟ್ಟಿದರು. ಕೊನೆಯ ಬೆಸುಗೆ ಹಾಕಿದ ಮರುದಿನವೇ ಸೋರಿಕೆ ನಿಂತಿತಲ್ಲ, ಯಾರಿಗಾದರೂ ಹಾಗೇ ಕಾಣುತ್ತದೆ. ಕಂಪನಿಯ ಗ್ರೂಪಿನಲ್ಲಿ ಅವನ ಫೋಟೋ ಬಂತು. ನಲವತ್ತು ಜನ ಹೆಬ್ಬೆರಳು ಎತ್ತಿದರು. ನಾನೂ ಎತ್ತಿದೆ, ಎತ್ತದಿದ್ದರೆ ಎದ್ದು ಕಾಣುತ್ತಿತ್ತು. ಶುಕ್ರವಾರದೊಳಗೆ ನಾನು ಕೊನೆಯ ವರದಿ ಕೊಡಬೇಕು. ಅದು ಬಂದ ಕೂಡಲೇ ಅವನನ್ನು ಕಾಯಂ ಮಾಡುತ್ತಾರಂತೆ.

ನಿಂತದ್ದು ವಾಷರಿನಿಂದ ಎಂದು ನನಗೆ ಗೊತ್ತು. ಹಾಗೆಂದು ಎಲ್ಲ ತಪ್ಪೂ ನನ್ನದೇ ಎನ್ನಲಾಗುವುದಿಲ್ಲ. ವಾಷರ್ ಸೋರುತ್ತಿತ್ತು ಎಂದ ಮಾತ್ರಕ್ಕೆ ಬೆಸುಗೆ ಚೆನ್ನಾಗಿತ್ತು ಎಂದಾಗುತ್ತದೆಯೇ? ಎರಡೂ ಸೋರುತ್ತಿರಬಹುದು. ಇದನ್ನು ಪರೀಕ್ಷಿಸದೆ ಯಾರ ಮೇಲೂ, ನನ್ನ ಮೇಲೂ, ತಪ್ಪು ಹೊರಿಸುವುದು ನ್ಯಾಯವಲ್ಲ.

ನವೆಂಬರ್ 18, ಮಂಗಳವಾರ

ಬಕೆಟ್ಟಿನ ಏಳು ತುಂಡುಗಳನ್ನು ಮನೆಗೆ ತಂದೆ. ಹಿತ್ತಿಲಿನ ಕಟ್ಟೆಯ ಮೇಲೆ ಕೂತು ಗರಗಸದಿಂದ ಒಂದೊಂದನ್ನೂ ಉದ್ದಕ್ಕೆ ಸೀಳಿ ನೋಡತೊಡಗಿದೆ. ಬೆಸುಗೆಯ ಒಳಗು ಹೀಗೆ ಸೀಳಿದರೆ ಮಾತ್ರ ಕಾಣುತ್ತದೆ. ಎರಡು ತಾಮ್ರದ ಗೋಡೆಗಳ ನಡುವೆ ಬೆಸುಗೆ ಕಡ್ಡಿಯ ಕರಗಿದ ಲೋಹ ಕೊನೆಯವರೆಗೂ ಹರಿದು ತುಂಬಿರಬೇಕು. ನಡುವೆ ಎಲ್ಲೂ ಕಪ್ಪು ಖಾಲಿ ಇರಬಾರದು.

ಮೊದಲನೆಯದು ತುಂಬಿತ್ತು. ಎರಡನೆಯದೂ. ಮೂರನೆಯದನ್ನು ಕನ್ನಡಕ ಹಾಕಿಕೊಂಡು, ಭೂತಗನ್ನಡಿ ಇಟ್ಟು ನೋಡಿದೆ. ಬೆಳ್ಳಿಯ ಗೆರೆ ಎಳೆದ ಹಾಗೆ ಒಂದೇ ಸಮ ಹರಿದಿತ್ತು. ಇಂಥದ್ದನ್ನು ನಾನು ನನ್ನ ಒಳ್ಳೆಯ ಕಾಲದಲ್ಲೂ ದಿನಕ್ಕೊಂದು ಹಾಕಿದರೆ ಹೆಚ್ಚು.

ನವೆಂಬರ್ 19, ಬುಧವಾರ

ನಾಲ್ಕು ತುಂಬಿತ್ತು. ಐದು ತುಂಬಿತ್ತು. ಆರು ತುಂಬಿತ್ತು. ಕೈ ಸೋತು ಬಂತು. ಏಳನೆಯದನ್ನು ಸೀಳುವಾಗ ಮನಸ್ಸಿನಲ್ಲಿ ಏನಿತ್ತು ಎಂದು ಬರೆಯುವುದು ಬೇಡ.

ಏಳನೆಯದು ಅರ್ಧವೇ ತುಂಬಿತ್ತು!

ಒಂದು ಕಡೆ ಲೋಹ ಇಳಿದೇ ಇಲ್ಲ, ನಡುವೆ ಕಪ್ಪು ಖಾಲಿ. ಸೋರುವಷ್ಟಲ್ಲ, ಆದರೂ ದೋಷ ದೋಷವೇ. ಅದನ್ನು ಹಿಡಿದುಕೊಂಡೇ ಒಳಗೆ ಹೋದೆ. ಇವಳಿಗೆ ವಾಷರಿನ ವಿಷಯವನ್ನೂ ಆಗಲೇ ಹೇಳಿಬಿಟ್ಟೆ. ಈಗ ಹೇಳಲು ಕಷ್ಟವಿರಲಿಲ್ಲ. ನನ್ನದೊಂದು, ಅವನದೊಂದು, ಸರಿಗೆ ಸರಿ.

ಇವಳು ತುಂಡನ್ನು ಬೆಳಕಿಗೆ ಹಿಡಿದು ನೋಡಿದಳು. ‘ವಾಷರ್ ಸಿಕ್ಕಿದ್ದು ಯಾವತ್ತು?’ ಎಂದಳು.

‘ಶುಕ್ರವಾರ.’

‘ಇವತ್ತು ಬುಧವಾರ’ ಎಂದು ತುಂಡನ್ನು ಮೇಜಿನ ಮೇಲಿಟ್ಟು ಎದ್ದು ಹೋದಳು. ಹೆಂಗಸರಿಗೆ ತವರಿನವರ ವಿಷಯ ಬಂದರೆ ಸಮತೋಲನ ಇರುವುದಿಲ್ಲ.

ನವೆಂಬರ್ 20, ಗುರುವಾರ

ಕೆಲಸ ಮುಗಿಸಿ ಭಾಮೈದನ ಮನೆಗೆ ಹೋದೆ. ಏಳು ತುಂಡನ್ನೂ, ವಾಷರನ್ನೂ ಚೀಲದಲ್ಲಿ ಹಾಕಿಕೊಂಡಿದ್ದೆ. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡೆ. ಮೊದಲು ನನ್ನ ತಪ್ಪು, ಆಮೇಲೆ ಅವನ ಅರ್ಧ ಬೆಸುಗೆ, ಕೊನೆಗೆ ಇಬ್ಬರೂ ಇನ್ನು ಮುಂದೆ ಹುಷಾರಾಗಿರೋಣ.

ಬಾಗಿಲು ತೆಗೆದು, ‘ಬನ್ನಿ ಭಾವ’ ಎಂದ. ಮಾಮೂಲಿನ ಹಾಗೇ ಎಂದ, ಅದೇ ಕಷ್ಟವಾಯಿತು. ಅವನು ಟೀ ಮಾಡಿಕೊಂಡು ಬರುವಷ್ಟರಲ್ಲಿ ತುಂಡುಗಳನ್ನು ಮೇಜಿನ ಮೇಲೆ ಸಾಲಾಗಿ ಜೋಡಿಸಿದೆ. ವಾಷರ್ ಕೊಟ್ಟು ನಡೆದದ್ದು ಹೇಳಿದೆ. ಅವನು ಅದನ್ನು ಬೆರಳಿನಲ್ಲಿ ಒತ್ತಿ ನೋಡಿ ಕೆಳಗಿಟ್ಟ. ಆಮೇಲೆ ತುಂಡುಗಳನ್ನು ಒಂದೊಂದಾಗಿ ಕೈಗೆತ್ತಿಕೊಂಡ. ತಾನು ಹಾಕಿದ ಬೆಸುಗೆಯ ಒಳಗನ್ನು ನೋಡುವ ಅವಕಾಶ ಯಾರಿಗೂ ಸಿಗುವುದಿಲ್ಲ. ಅವನ ಮುಖದಲ್ಲಿ ಸಂತೋಷವೇ ಇತ್ತು. ನನಗೆ ಅವನ ಮುಖ ನೋಡಲಾಗಲಿಲ್ಲ.

ಏಳನೆಯದನ್ನು ನಾನೇ ಮುಂದಕ್ಕೆ ಸರಿಸಿದೆ. ‘ಇದೊಂದು ಮಾತ್ರ ಅರ್ಧ ನಿಂತುಬಿಟ್ಟಿದೆ. ಪರವಾಗಿಲ್ಲ, ಯಾರಿಗಾದ್ರೂ ಆಗುತ್ತೆ’ ಎಂದೆ.

ಅವನು ಅದನ್ನು ತಿರುಗಿಸಿ ತಿರುಗಿಸಿ ನೋಡಿದ. ಮಿಕ್ಕ ಆರರ ಪಕ್ಕದಲ್ಲಿಟ್ಟ. ಹೇಳದೆ ಬಿಟ್ಟುಬಿಡುತ್ತಿದ್ದನೋ ಏನೋ, ನಾನೇ ಏನು ಎಂದು ಕೇಳಿದೆ.

‘ಭಾವ, ಇದು ನಂದಲ್ಲ. ನಿಮ್ಮದು.’

‘ನಂದು?’

‘ಬೆಸುಗೆ ಮುಗಿದ ದಿನ ನಾನು ಸಿಲಿಂಡರ್ ತರೋಕೆ ಹೋಗಿದ್ನಲ್ಲ. ಬರೋದು ತಡ ಆಯ್ತು ಅಂತ ಗೋಡೆ ಮೂಲೇದು ನೀವೇ ಹಾಕಿದ್ರಿ. ಕಡ್ಡಿ ಬಣ್ಣ ನೋಡಿ. ನಾನು ಬೆಳ್ಳಿ ಬೆರೆಸಿದ್ದು ಹಾಕ್ತೀನಿ, ಬೆಳ್ಳಗಿರುತ್ತೆ. ಇದು ಕೆಂಪಗಿದೆ. ನಿಮ್ಮ ಜೇಬಲ್ಲಿರೋ ಹಳೇ ಕಡ್ಡಿ.’

ನೋಡಿದೆ. ಆರು ಬೆಳ್ಳಗೆ, ಒಂದು ಕೆಂಪಗೆ. ಎರಡು ದಿನ ಭೂತಗನ್ನಡಿ ಇಟ್ಟುಕೊಂಡು ನೋಡಿದವನಿಗೆ ಬಣ್ಣ ಕಂಡಿರಲಿಲ್ಲ.

‘ಒಂದು ನಂದು ಅಂತ ನಿನಗೆ ಗೊತ್ತಿತ್ತಲ್ಲ, ವರದಿ ಬರೆದಾಗಲೇ ಯಾಕೆ ಹೇಳಲಿಲ್ಲ?’ ಎಂದೆ.

‘ಹೇಳಿದ್ರೆ ನೀವು ಕೇಳ್ತಿದ್ರಾ ಭಾವ?’ ಎಂದ. ಕೋಪದಿಂದ ಅಲ್ಲ. ನಿಜವಾಗಿಯೂ ಗೊತ್ತಿಲ್ಲದವರ ಹಾಗೆ ಕೇಳಿದ.

ಮನೆಗೆ ಬಂದು ಈ ಪುಸ್ತಕದಲ್ಲಿ ಮೂರನೇ ತಾರೀಖಿನ ಪುಟ ತೆಗೆದೆ. ಇಪ್ಪತ್ತೆರಡು ಬೆಸುಗೆಯೂ ಮುಗಿದವು ಎಂದಿದೆ. ಯಾರು ಮುಗಿಸಿದರು ಎಂದು ಬರೆದಿಲ್ಲ. ನಾಚಿಕೆಯಾಯಿತು. ಇದನ್ನು ಬರೆದಿಡುತ್ತಿದ್ದೇನೆ, ಯಾರಿಗೆ ತೋರಿಸಲೂ ಅಲ್ಲ.

ನವೆಂಬರ್ 21, ಶುಕ್ರವಾರ

ವರದಿಯ ಹಾಳೆಯಲ್ಲಿ ‘ಸೋರಿಕೆ ಎಲ್ಲಿ’ ಎಂಬ ಪ್ರಶ್ನೆಗೆ ನಾಲ್ಕು ಉತ್ತರ ಅಚ್ಚಾಗಿವೆ: ಬೆಸುಗೆ, ಪೈಪು, ವಾಲ್ವ್, ಇತರೆ. ‘ಇತರೆ’ಗೆ ಕೊಟ್ಟ ಜಾಗ ಎರಡು ಬೆರಳಗಲ. ಅಲ್ಲಿ ಹಿಡಿಯಲಿಲ್ಲವೆಂದು ಹಾಳೆಯ ಹಿಂದೆ ಬರೆದೆ. ‘ಸೋರಿಕೆ ಪರೀಕ್ಷಕನ ಹೋಸಿನಲ್ಲಿತ್ತು. ಕೆಲಸಕ್ಕೆ ಮೊದಲು ಪರೀಕ್ಷಕ ತನ್ನ ಗೇಜನ್ನು ನೋಡಿಕೊಂಡಿರಲಿಲ್ಲ. ಕತ್ತರಿಸಿದ ಏಳು ಬೆಸುಗೆಗಳಲ್ಲಿ ಆರು ನಿರ್ದೋಷ. ದೋಷವಿದ್ದ ಒಂದನ್ನು ಹಾಕಿದವನೂ ಪರೀಕ್ಷಕನೇ. ಹತ್ತನೇ ತಾರೀಖಿನ ವರದಿ ತಪ್ಪು. ಬೆಸುಗೆಗಾರನಿಗೆ ಬರ್ನರ್ ವಾಪಸು ಕೊಡಬೇಕು.’

ಇವತ್ತೇ ಸಾಹೇಬರು ಎರಡು ಸಲ ಓದಿದರು. ಹೀಗೆ ಬರೆಯಲು ಯಾರು ಹೇಳಿದರು ಎಂದು ಕೇಳಿದರು. ಯಾರೂ ಇಲ್ಲ ಎಂದೆ. ಯಂತ್ರ ಓಡುತ್ತಿದೆ, ನೀರು ಬಿಸಿಯಾಗಿದೆ, ಯಾರೂ ದೂರು ಕೊಟ್ಟಿಲ್ಲ, ಮತ್ತೆ ಯಾಕೆ ಎಂದರು. ಯೋಚಿಸಿ ಹೇಳುತ್ತೇನೆ, ನಾಳೆ ನೋಡೋಣ ಎಂದು ಹಾಳೆಯನ್ನು ಪಕ್ಕಕ್ಕಿಟ್ಟರು.

‘ಇವತ್ತೇ ಆಗಲಿ ಸಾರ್’ ಎಂದೆ. ತಮಾಷೆಗೆ ಹೇಳಿದ್ದಲ್ಲ, ಬಾಯಿಗೆ ಬಂದದ್ದೇ ಅದು.

ಸಂಜೆಗೆ ನಿರ್ಧಾರವಾಯಿತು. ಭಾಮೈದನಿಗೆ ಬರ್ನರ್. ಹೊಸಬನನ್ನು ಬೇರೆ ತಂಡಕ್ಕೆ ಕಳಿಸುತ್ತಾರೆ. ಇನ್ನು ಆರು ತಿಂಗಳು ನನ್ನ ಪರೀಕ್ಷೆಗೆ ನನ್ನ ಸಹಿ ಸಾಲದು, ಜೊತೆಗಾರನ ಸಹಿಯೂ ಬೇಕು. ಜೊತೆಗಾರ ಎಂದರೆ ಅವನೇ. ಇಪ್ಪತ್ತೆಂಟು ವರ್ಷದ ಸರ್ವಿಸ್. ಪರವಾಗಿಲ್ಲ. ರಾತ್ರಿ ಊಟ ರುಚಿಯಾಗಿತ್ತು.

ನವೆಂಬರ್ 24, ಸೋಮವಾರ

ಹೊಸ ಕೆಲಸ ಒಂದು ಪ್ರಿಂಟಿಂಗ್ ಪ್ರೆಸ್ಸಿನಲ್ಲಿ. ಹದಿನಾರು ಬೆಸುಗೆ.

ಭಾಮೈದ ನನಗಿಂತ ಮೊದಲೇ ಬಂದು ಪೈಪು ಉಜ್ಜುತ್ತಾ ಕೂತಿದ್ದ. ಕ್ಷಮಿಸು ಎನ್ನಬೇಕೆಂದು ಬಸ್ಸಿನಲ್ಲಿ ಮೂರು ರೀತಿ ಹೇಳಿಕೊಂಡು ನೋಡಿದ್ದೆ. ಅವನನ್ನು ನೋಡಿದ ಮೇಲೆ ಮೂರೂ ಮರೆತುಹೋದವು. ಅವನು ಬರ್ನರ್ ಹೊತ್ತಿಸಿದ. ಹೇಗೆ ಹಾಕುತ್ತಾನೆ ನೋಡೋಣ ಎಂದು, ಹದಿನೆಂಟು ವರ್ಷದಿಂದ ನಿಲ್ಲುವ ಹಾಗೆಯೇ, ಅವನ ಭುಜದ ಹಿಂದೆ ಹೋಗಿ ಬಗ್ಗಿ ನಿಂತೆ.

‘ಭಾವ, ಸ್ವಲ್ಪ ಆಚೆ ನಿಲ್ತೀರಾ? ನಿಮ್ಮ ನೆರಳು ಬೀಳ್ತಿದೆ’ ಎಂದ.

ಆಚೆ ಸರಿದು ನಿಂತೆ. ಬೆಸುಗೆ ಚೆನ್ನಾಗಿ ಬಂತು.